ಗ್ಯಾಸ್ ತುಂಬುವುದು ಕೊನೆಯ ಕೆಲಸ

ಹಳೆಯ ಕಾರನ್ನು ನಮ್ಮ ಗ್ಯಾರೇಜಿಗೆ ತರುವ ಗಿರಾಕಿಗಳಲ್ಲಿ ಹೆಚ್ಚಿನವರ ಮೊದಲ ಮಾತು, "ಏಸಿಗೆ ಸ್ವಲ್ಪ ಗ್ಯಾಸ್ ಹಾಕಿಕೊಡಿ, ಸಾಕು" ಎಂಬುದು. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವಂಥದ್ದಲ್ಲ. ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ, ಪೂರ್ತಿ ಖಾಲಿಯಾಗಿ ವರ್ಷಗಳೇ ಆಗಿದ್ದರೆ ಸೋರಿದ ದಾರಿಯಲ್ಲೇ ಗಾಳಿಯೂ ತೇವವೂ ಒಳಸೇರಿವೆ ಎಂದೇ ಲೆಕ್ಕ.

ಇತ್ತೀಚೆಗೆ ಬೆಂಗಳೂರಿನ ನಿವೃತ್ತ ಅಧ್ಯಾಪಕರೊಬ್ಬರು ಶೆಡ್ಡಿನಲ್ಲಿ ನಿಲ್ಲಿಸಿಯೇ ಇಟ್ಟಿದ್ದ, ತೊಂಬತ್ತರ ದಶಕದ ಕಾರೊಂದನ್ನು ತಂದರು. ಬಾನೆಟ್ ತೆರೆದಾಗ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಕ್ಲಚ್ಚಿನ ಹಿಂದೆ, ಶಾಫ್ಟ್ ಹೊರಬರುವ ಜಾಗದಲ್ಲಿ, ಎಣ್ಣೆಗೆ ಧೂಳು ಅಂಟಿ ಕಪ್ಪಗೆ ಗಟ್ಟಿಯಾಗಿತ್ತು. ಗ್ಯಾಸ್ ತನ್ನೊಂದಿಗೆ ಎಣ್ಣೆಯನ್ನೂ ಒಯ್ಯುವುದರಿಂದ ಇಂಥ ಕಲೆ ಕಂಡಲ್ಲಿ ಸೋರಿಕೆಯನ್ನು ಮೊದಲು ಹುಡುಕಬೇಕು. ಕೂಲಿಂಗ್ ಕಾಯಿಲನ್ನು ಡ್ಯಾಶ್‌ಬೋರ್ಡಿನ ಕೆಳಗಿಂದ ಬಿಚ್ಚಿ ತೆಗೆದರೆ, ಅದರ ರೆಕ್ಕೆಗಳ ಮೇಲೆ ಧೂಳು, ಕೂದಲು, ಒಣಗಿದ ಎಲೆಯ ಚೂರುಗಳು ಒಂದು ಪದರವಾಗಿಯೇ ಕೂತಿದ್ದವು. ಹಳೆಯ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲದ್ದರಿಂದ ಇದು ಸಾಮಾನ್ಯ. ಗ್ಯಾಸ್ ಎಷ್ಟೇ ಸರಿಯಿದ್ದರೂ ಇಂಥ ಕಾಯಿಲ್‌ನಿಂದ ತಣ್ಣನೆಯ ಗಾಳಿ ಬಾರದು.

ಆ ಕಾರಿಗೆ ಮೂಲತಃ ಆರ್‌12 ಗ್ಯಾಸ್. ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಕೈಬಿಡಬೇಕಾದ ಈ ಗ್ಯಾಸನ್ನು ಏಸಿ ಕೆಲಸಕ್ಕಾಗಿ ಹೊಸದಾಗಿ ತಯಾರಿಸುವುದು ಭಾರತದಲ್ಲಿ 2010ರ ಹೊತ್ತಿಗೆ ನಿಂತುಹೋಯಿತು. ಈಗ ಆ ಹೆಸರಿನಲ್ಲಿ ಯಾರಾದರೂ ಡಬ್ಬಿ ಕೊಟ್ಟರೆ ನಾನಂತೂ ಮುಟ್ಟುವುದಿಲ್ಲ. ಹಾಗೆಂದು ಅದರ ಬದಲಿಗೆ ಬಂದ ಆರ್‌134ಎ ಗ್ಯಾಸನ್ನು ನೇರವಾಗಿ ತುಂಬುವಂತೆಯೂ ಇಲ್ಲ; ಹಳೆಯ ಮಿನರಲ್ ಎಣ್ಣೆ ಅದರೊಂದಿಗೆ ಬೆರೆಯದೆ ಕೊಳವೆಗಳಲ್ಲೇ ಉಳಿದುಬಿಡುತ್ತದೆ, ಕಂಪ್ರೆಸರ್ ಎಣ್ಣೆಯಿಲ್ಲದೆ ತಿರುಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಹಳೆಯ ಎಣ್ಣೆಯನ್ನು ಬಸಿದು, ಪೈಪುಗಳನ್ನು ಫ್ಲಶ್ ಮಾಡಿ, ಎಸ್ಟರ್ ಎಣ್ಣೆ ಹಾಕಿದೆವು. ಶಾಫ್ಟ್ ಸೀಲನ್ನೂ ಎಲ್ಲ ಓ-ರಿಂಗ್‌ಗಳನ್ನೂ ಬದಲಿಸಿದೆವು. ಬಿಡಿಭಾಗಗಳೆಲ್ಲ ಜೆ.ಸಿ. ರಸ್ತೆಯಲ್ಲೇ ಸಿಕ್ಕವು. ತೇವ ಹೀರುವ ಡ್ರೈಯರಿನ ಮುಚ್ಚಳವನ್ನು ಮಾತ್ರ ಜೋಡಿಸುವ ಕ್ಷಣದವರೆಗೂ ತೆಗೆಯಬಾರದು, ಏಕೆಂದರೆ ತೆರೆದಿಟ್ಟರೆ ಅದು ಗ್ಯಾರೇಜಿನ ಗಾಳಿಯ ತೇವವನ್ನೇ ಕುಡಿದು ಕೂರುತ್ತದೆ.

ನಾನು ಹೊಸ ಹುಡುಗರಿಗೆ ಹೆಚ್ಚು ಹೊತ್ತು ಹೇಳಿಕೊಡುವುದು ವ್ಯಾಕ್ಯೂಮ್ ವಿಷಯವನ್ನು, ಎಂದರೆ ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಹೊರಗೆಳೆಯುವುದನ್ನು. ಕೈಪಿಡಿಗಳಲ್ಲಿ, ಪಾದರಸದ ಅಳತೆಯಲ್ಲಿ, 29 ಇಂಚು ಎಳೆಯಬೇಕು ಎಂದಿರುತ್ತದೆ. ಮಂಗಳೂರಿನಲ್ಲಿ ಗೇಜ್ ಅಲ್ಲಿಯವರೆಗೆ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಹೆಚ್ಚುಕಡಿಮೆ 27 ಇಂಚಾದ್ದರಿಂದ, ಎಷ್ಟು ಒಳ್ಳೆಯ ಪಂಪ್ ಇದ್ದರೂ ಮುಳ್ಳು ಅದನ್ನು ದಾಟುವುದಿಲ್ಲ. ಇದು ತಿಳಿಯದವರು ಇಲ್ಲದ ಸೋರಿಕೆಯನ್ನು ಹುಡುಕುತ್ತಾರೆ. ಆದರೆ 25ಕ್ಕೇ ನಿಂತರೆ ಒಪ್ಪಬಾರದು. ಒಳಗೆ ಎರಡು ಇಂಚಿನಷ್ಟು ಒತ್ತಡ ಉಳಿದರೆ ನೀರು ಕುದಿಯಲು 38 ಡಿಗ್ರಿಯಾದರೂ ಬೇಕು, ಒಂದು ಇಂಚಿಗೆ ಇಳಿದರೆ 26 ಡಿಗ್ರಿ ಸಾಕು. ಹೀಗೆ ಕುದಿಸಿ ಹೊರಗೆಳೆಯದ ತೇವವೇ ಮುಂದೆ, ಗ್ಯಾಸನ್ನು ಕಿರಿದಾದ ರಂಧ್ರದ ಮೂಲಕ ಹಾಯಿಸಿ ತಣ್ಣಗಾಗಿಸುವ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಮಂಜುಗಡ್ಡೆಯಾಗುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ತಣ್ಣಗಾಗಿ, ಆಮೇಲೆ ಬಿಸಿಗಾಳಿ ಬಂದು, ಆಫ್ ಮಾಡಿ ಬಿಟ್ಟರೆ ಮತ್ತೆ ತಣ್ಣಗಾಗುವ ಏಸಿಯ ರೋಗ ಬಹುಮಟ್ಟಿಗೆ ಇದೇ. ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿದ ಮೇಲೆ ಅರ್ಧ ಗಂಟೆ ಮುಳ್ಳು ಅಲುಗಬಾರದು.

ಗ್ಯಾಸನ್ನು ತೂಕದಿಂದಲೇ ತುಂಬಬೇಕು. ಇಂಜಿನ್ ನಿಂತಿರುವಾಗ 30 ಡಿಗ್ರಿಯಲ್ಲಿ ಗೇಜ್ ಸುಮಾರು 97 ಪಿಎಸ್ಐ ತೋರಿಸಿದರೆ ಒಳಗೆ ದ್ರವರೂಪದ ಗ್ಯಾಸ್ ಒಂದಿಷ್ಟಿದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟಿದೆ ಎಂದಲ್ಲ. ಹಳೆಯ ಸ್ಟಿಕ್ಕರಿನಲ್ಲಿದ್ದ ಆರ್‌12 ತೂಕದ ಶೇಕಡಾ 80ರಷ್ಟರಿಂದ ಆರಂಭಿಸಿ, ಒತ್ತಡ ನೋಡುತ್ತ ಸ್ವಲ್ಪ ಸ್ವಲ್ಪವೇ ಸೇರಿಸಿದೆವು. ಸಿಗ್ನಲ್‌ನಲ್ಲಿ ನಿಂತಾಗ ಹೈ ಸೈಡ್, ಅಂದರೆ ಕಂಪ್ರೆಸರಿನಿಂದ ಹೊರಡುವ ಕಡೆಯ, ಒತ್ತಡ ಏರುತ್ತಿದ್ದುದರಿಂದ ಗ್ಯಾಸಿನ ಬಿಸಿಯನ್ನು ಹೊರಬಿಡುವ ಕಂಡೆನ್ಸರಿಗೆ ಇನ್ನೊಂದು ಫ್ಯಾನ್ ಕೂರಿಸಬೇಕಾಯಿತು.

ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ, ಆಗ ಶಾಫ್ಟ್ ಸೀಲಿಗೆ ಎಣ್ಣೆ ತಗಲುತ್ತದೆ ಎಂದು ಮೇಷ್ಟ್ರಿಗೆ ಹೇಳಿದೆ. ಹಾಗೆಯೇ ಹಳೆಯ ಸ್ಟಿಕ್ಕರಿನ ಮೇಲೆ ಹೊಸದೊಂದನ್ನು ಅಂಟಿಸಿ, ಗ್ಯಾಸಿನ ಹೆಸರು, ತೂಕ, ಎಣ್ಣೆಯ ಜಾತಿ, ತಾರೀಖುಗಳನ್ನು ಬರೆದು ಕಳುಹಿಸಿದೆ. ಮುಂದೆ ಬಾನೆಟ್ ತೆರೆಯುವ ಮೆಕ್ಯಾನಿಕ್ ನಾನೇ ಆಗಿರಬೇಕೆಂದೇನೂ ಇಲ್ಲವಲ್ಲ.