ಲಾಂಚ್ ಇಲ್ಲದ ಸಿಗಂದೂರು

ಸಿಗಂದೂರಿಗೆ ಹೊರಟವರು ಮೊದಲೆಲ್ಲ ಸಾಗರದಲ್ಲಿ ಕಾಫಿ ಕುಡಿಯುವಾಗಲೂ ಗಡಿಯಾರ ನೋಡುತ್ತಿದ್ದರು. ಶರಾವತಿ ಹಿನ್ನೀರು ದಾಟಿಸುವ ಲಾಂಚ್ ಸಿಗುತ್ತೋ ಇಲ್ವೋ, ಕ್ಯೂ ಎಷ್ಟಿದೆಯೋ, ನಮ್ಮ ಕಾರು ಹತ್ತಿಸ್ತಾರೋ ಇಲ್ವೋ ಅನ್ನೋ ಚಿಂತೆ. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟಿಸಿದರು. ಅಲ್ಲಿಗೆ ಆ ಚಿಂತೆ ಮುಗಿಯಿತು. ನಾವು ಹೋಗಿದ್ದು ಮುಂದಿನ ತಿಂಗಳು, ಬಿಟ್ಟು ಬಿಟ್ಟು ಹೊಯ್ಯುವ ಮಳೆಯಲ್ಲಿ. ಅತ್ತೆಯವರಿಗೆ ಹರಕೆ ತೀರಿಸಬೇಕಿತ್ತು. ನನಗೆ ಸೇತುವೆ ನೋಡಬೇಕಿತ್ತು. ಯಾರ ಆಸೆ ದೊಡ್ಡದು ಅಂತ ದಾರಿಯಲ್ಲಿ ಚರ್ಚೆ ಮಾಡಲಿಲ್ಲ, ಕಾರು ನನ್ನದಾದರೂ ಪೆಟ್ರೋಲ್ ಅವರದಾಗಿತ್ತು.

ಸಾಗರದಿಂದ ಆವಿನಹಳ್ಳಿ ಮೇಲೆ ಹೋಗುವ ದಾರಿ ಮಳೆಗಾಲದಲ್ಲಿ ಪೂರ್ತಿ ಹಸಿರು. ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಮರ ಹತ್ತುವವರಿಗೆ ಎಲ್ಲ ಕಡೆಯಿಂದ ಕರೆ. ಅಲ್ಲಲ್ಲಿ ತೋಟದ ಗೇಟಿಗೆ ಸಣ್ಣ ಬೋರ್ಡು: ‘ಸಿಗಂದೂರು ಚೌಡೇಶ್ವರಿ ಕಾವಲಿದೆ’. ಕಳ್ಳರಿಗೆ ಈ ಬೋರ್ಡಿನ ಭಯ ಸಿಸಿ ಕ್ಯಾಮೆರಾಕ್ಕಿಂತ ಜಾಸ್ತಿ ಎಂದು ಮಲೆನಾಡಿನವರು ನಂಬಿದ್ದಾರೆ. ಕರೆಂಟು ಹೋದರೂ ಕೆಲಸ ಮಾಡುತ್ತದೆ ಅಲ್ವಾ!

ಅಂಬಾರಗೋಡ್ಲು ದಾಟಿ ಒಂದು ತಿರುವು ಮುಗಿದದ್ದೇ ಸೇತುವೆ ಎದುರಾಯಿತು. 2.44 ಕಿಲೋಮೀಟರ್ ಉದ್ದ, 16 ಮೀಟರ್ ಅಗಲ, ಎರಡು ಲೇನು. ಖರ್ಚು ಸುಮಾರು 473 ಕೋಟಿ ರೂಪಾಯಿ. ಫೋಟೋಗಳಲ್ಲಿ ನೋಡಿದರೆ ಇಡೀ ಸೇತುವೆ ಕೇಬಲ್ ಮೇಲೆಯೇ ನಿಂತಂತೆ ಕಾಣುತ್ತದೆ. ಹಾಗೇನಿಲ್ಲ. ಕೇಬಲ್ ಇರುವುದು ನೀರು ಆಳ ಇರುವ ನಡುವಿನ ಸುಮಾರು 740 ಮೀಟರಿಗೆ ಮಾತ್ರ. ಅಲ್ಲಿ ಕಂಬಗಳನ್ನು ದೂರ ದೂರ ನಿಲ್ಲಿಸಬೇಕು. ಅದಕ್ಕೇ ಮೇಲಿನ ಗಿಡ್ಡ ಗೋಪುರಗಳಿಂದ ಕೇಬಲ್ ಎಳೆದು ಭಾರ ಹಂಚಿದ್ದಾರೆ. ಎರಡೂ ಬದಿಯ ಉಳಿದ ಭಾಗ ನಾವು ಬೇರೆ ಕಡೆ ನೋಡುವಂಥ ಸಾದಾ ಸೇತುವೆಯೇ. ಶಂಕುಸ್ಥಾಪನೆ ಆಗಿದ್ದು 2018ರ ಫೆಬ್ರವರಿಯಲ್ಲಿ. ಉದ್ಘಾಟನೆಯ ಹೊತ್ತಿಗೆ ಆಹ್ವಾನದ ವಿಚಾರಕ್ಕೆ ರಾಜಕೀಯದ ಜಗಳವೂ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಬರಲಿಲ್ಲ. ನಮ್ಮಲ್ಲಿ ಅದಿಲ್ಲದೆ ಯಾವ ಸೇತುವೆ ಉದ್ಘಾಟನೆ ಆಗಿದೆ ಹೇಳಿ.

ಮಧ್ಯದಲ್ಲಿ ಕಾರು ನಿಲ್ಲಿಸಬೇಡಿ ಎಂದು ಪೊಲೀಸರು ಹೇಳುತ್ತಲೇ ಇದ್ದರು. ಜನ ನಿಲ್ಲಿಸುತ್ತಲೇ ಇದ್ದರು. ಒಬ್ಬ ಹುಡುಗ ಬೈಕಿನ ಮೇಲೆ ನಿಂತು ವಿಡಿಯೋ ಮಾಡುತ್ತಿದ್ದ, ಅವನ ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾವು ದಾಟಿ ಹೋಗಿ, ಕಳಸವಳ್ಳಿ ಕಡೆ ಕಾರು ಬಿಟ್ಟು ಫುಟ್‌ಪಾತಿನಲ್ಲಿ ವಾಪಸ್ ನಡೆದೆವು. ಮೇಲಿಂದ ನೋಡಿದರೆ ನೀರು ಎಷ್ಟು ಅಗಲ ಅನ್ನುವುದು ಆಗ ಗೊತ್ತಾಯಿತು. ಲಾಂಚಿನಲ್ಲಿ ಕೂತಾಗ ಹೀಗೆ ಅನಿಸಿರಲಿಲ್ಲ. ಎಲ್ಲೆಲ್ಲೂ ನಡುಗಡ್ಡೆಗಳು. ಅವೆಲ್ಲ ಒಂದು ಕಾಲದ ಗುಡ್ಡದ ತಲೆಗಳು.

ಈ ನೀರು ಸುಮ್ನೆ ಬಂದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿಂದಕ್ಕೆ ಹರಡಿಕೊಂಡಿತು. ಅದಕ್ಕೂ ಮುಂಚೆ, 1948ರಲ್ಲಿ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂದಿತ್ತು. ಹೊಸ ಅಣೆಕಟ್ಟಿನ ನೀರಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟೇ ಎರಡು ಸಲ ಬಂದದ್ದರಿಂದ, ಎರಡೆರಡು ಸಲ ಮನೆ ಬಿಟ್ಟು ಎದ್ದ ಕುಟುಂಬಗಳೂ ಇಲ್ಲಿವೆ. ಗದ್ದೆ, ತೋಟ, ಸಾಗರಕ್ಕೆ ನಡೆದು ಹೋಗುತ್ತಿದ್ದ ದಾರಿ, ಎಲ್ಲ ನೀರಿಗೆ ಹೋಯಿತು. ಕರೂರು-ಭಾರಂಗಿ ಹೋಬಳಿಗಳು ತಮ್ಮದೇ ತಾಲೂಕು ಕೇಂದ್ರದಿಂದ ಆಚೆ ದಡದಲ್ಲಿ ಉಳಿದವು. ಆಗ ಕೈಗೆ ಸಿಕ್ಕಿದ್ದು ಲಾಂಚ್.

ನಮಗೆ, ಅಂದರೆ ಪ್ರವಾಸಿಗಳಿಗೆ, ಲಾಂಚ್ ಒಂದು ಖುಷಿ. ಕಾರು, ಬಸ್ಸು, ದನ, ಅಡಿಕೆ ಮೂಟೆ ಎಲ್ಲದರ ಜೊತೆ ನಿಂತು ಗಾಳಿ ಕುಡಿಯುವುದು. ಸೇತುವೆ ಬಂದದ್ದಕ್ಕೆ ‘ಅಯ್ಯೋ, ಲಾಂಚಿನ ಮಜಾ ಹೋಯ್ತಲ್ಲ’ ಎಂದು ಬರೆದವರನ್ನು ಬಹಳ ನೋಡಿದೆ. ಅವರಲ್ಲಿ ಯಾರೂ ಆಚೆ ದಡದ ತುಮರಿಯಲ್ಲಿ ಮನೆ ಮಾಡಿದವರಲ್ಲ ಅಂತ ಧೈರ್ಯವಾಗಿ ಹೇಳಬಹುದು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ನಗರ ಎಂಬ ಊರು, ಹೊಸನಗರ ಸುತ್ತಿಕೊಂಡು ಸಾಗರಕ್ಕೆ ಹೋಗಬೇಕಿತ್ತು. ಇಲ್ಲವೇ ಘಾಟಿ ಇಳಿದು ಕುಂದಾಪುರ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು.

ತುಮರಿಯಲ್ಲಿ ಟೀ ಅಂಗಡಿಗೆ ನುಗ್ಗಿದೆವು, ಮಳೆ ಜೋರಾಗಿತ್ತು. ಬೆಂಚಿನ ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಕಾರಿನ ನಂಬರ್ ನೋಡಿ, ‘ಸೇತುವೆ ನೋಡಕ್ಕೆ ಬಂದ್ರಾ, ದೇವಸ್ಥಾನಕ್ಕಾ?’ ಎಂದರು. ಎರಡೂ ಅಂದೆ. ನಕ್ಕರು. ‘ಮೊನ್ನೆ ರಾತ್ರಿ ಹನ್ನೊಂದಕ್ಕೆ ಸಾಗರದಿಂದ ಮನೆಗೆ ಬಂದೆ. ಕೆಲಸ ಎಂತದೂ ಇರ್ಲಿಲ್ಲ. ಬರಬಹುದಲ್ಲ ಅಂತ ಬಂದೆ ಅಷ್ಟೆ.’

ಅವರ ಮಾತು ಸೇತುವೆಯಲ್ಲೇ ನಿಲ್ಲಲಿಲ್ಲ. ಮುಳುಗಡೆಯಾಗಿ ಅರವತ್ತು ವರ್ಷ ದಾಟಿದರೂ ಎಷ್ಟೋ ಜನರಿಗೆ ಕೂತ ಜಾಗದ ಹಕ್ಕುಪತ್ರ ಸಿಕ್ಕಿಲ್ಲ. ಮೊಬೈಲ್ ನೆಟ್‌ವರ್ಕ್ ಕೊಡದಿದ್ದರೆ ವೋಟು ಹಾಕಲ್ಲ ಅಂತ ಈ ಭಾಗದ ಊರುಗಳು ಅಭಿಯಾನ ಮಾಡಿದ್ದೂ ಹಳೆಯ ಕತೆಯೇನಲ್ಲ. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಸಾಮರ್ಥ್ಯದ್ದು. ಬೆಂಗಳೂರಿನಲ್ಲಿ ದೀಪ ಉರಿದದ್ದು ಇವರು ಬಿಟ್ಟ ಗದ್ದೆಯ ಮೇಲೆ ನಿಂತ ನೀರಿನಿಂದ. ಹಾಗಾಗಿ ಈ ಸೇತುವೆಯನ್ನು ಕೊಡುಗೆ ಎಂದು ಕರೆದರೆ ನನಗೆ ಕಸಿವಿಸಿಯಾಗುತ್ತದೆ. ಕಿತ್ತುಕೊಂಡ ದಾರಿಯನ್ನು ತಡವಾಗಿ ವಾಪಸ್ ಕೊಟ್ಟಿದ್ದಾರೆ. ಅದೂ ಜನ ವರ್ಷಗಟ್ಟಲೆ ಹೋರಾಡಿ ಕೇಳಿದ ಮೇಲೆ. ಇನ್ನೊಂದು ಕಡೆ, ಹಸಿರುಮಕ್ಕಿ ಸೇತುವೆಯ ಕೆಲಸ ನಾವು ಹೋದಾಗಲೂ ಮುಗಿದಿರಲಿಲ್ಲ. ಅಲ್ಲಿಯವರಿಗೆ ಆಗಲೂ ಲಾಂಚೇ ಗತಿಯಾಗಿತ್ತು.

ಸೇತುವೆ ಇಳಿದ ಮೇಲಿನ ರಸ್ತೆ ಮಾತ್ರ ಹಳೆಯ ಕಾಲದ್ದೇ. ಎದುರಿಗೆ ಬಸ್ಸು ಬಂದರೆ ಒಬ್ಬರು ಮಣ್ಣಿಗಿಳಿಯಬೇಕು. ಲಾಂಚ್ ಇದ್ದಾಗ ಗಾಡಿಗಳು ಒಂದೊಂದು ಕಂತಾಗಿ ಬರುತ್ತಿದ್ದವು, ಈಗ ಸಾಲಾಗಿ ಬರುತ್ತವೆ. ಭಾನುವಾರ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ದೇವಸ್ಥಾನದಲ್ಲಿ ದರ್ಶನ ಬೇಗ ಆಯಿತು. ಅತ್ತೆ ಹರಕೆ ತೀರಿಸಿದರು. ಊಟದ ಸಾಲಿನಲ್ಲಿ ಕೂತು ಅನ್ನ ಸಾರು ಉಂಡೆವು. ಇದೇ ದಾರಿಯಲ್ಲಿ ಮುಂದೆ ನಾಗೋಡಿ ಘಾಟಿ ಇಳಿದರೆ ಕೊಲ್ಲೂರು. ಸಾಗರದ ಕಡೆಯಿಂದ ಸಿಗಂದೂರು, ಕೊಲ್ಲೂರು ಎರಡನ್ನೂ ಒಂದೇ ದಿನ ಮುಗಿಸುವವರಿಗೆ ಸೇತುವೆಯಿಂದ ದೊಡ್ಡ ಅನುಕೂಲ. ನಾವು ಘಾಟಿಯ ಮಂಜಿಗೆ ಹೆದರಿ ಹಿಂದಿರುಗಿದೆವು.

ಬರುವಾಗ ನನಗೆ ಹಳೆಯ ಲಾಂಚ್ ಕಟ್ಟೆ ನೋಡಬೇಕು ಅನಿಸಿತು. ಅಂಬಾರಗೋಡ್ಲು ಕಡೆ ಕೆಳಗಿಳಿದೆವು. ವಾಹನಗಳ ಸಾಲು ಕಟ್ಟುತ್ತಿದ್ದ ಜಾಗ ಖಾಲಿ. ಒಂದೇ ಒಂದು ಅಂಗಡಿ ತೆರೆದಿತ್ತು. ಅಂಗಡಿಯ ಅಕ್ಕ ಮಂಡಕ್ಕಿ ಕಲಸಿಕೊಟ್ಟರು, ಮಿರ್ಚಿ ಇಲ್ಲ ಅಂದರು, ಎಣ್ಣೆ ಇಡೋಷ್ಟು ಜನ ಬರಲ್ವಂತೆ. ಸೇತುವೆ ಆಗಿದ್ದಕ್ಕೆ ಬೇಜಾರಾ ಎಂದು ಅತ್ತೆ ಕೇಳಿಯೇಬಿಟ್ಟರು.

‘ಬೇಜಾರೆಂತಕ್ಕೆ ಅಮ್ಮ, ನನ್ನ ತವರುಮನೆ ಆಚೆ ದಡದಲ್ಲೇ ಇರೋದು’ ಎಂದರು. ‘ವ್ಯಾಪಾರ ಒಂದು ಇಲ್ಲ ನೋಡಿ. ಮೊದಲು ಲಾಂಚ್ ಬರೋ ತನಕ ಎಲ್ಲರೂ ನಿಲ್ಲಲೇಬೇಕಿತ್ತು. ಈಗ ಯಾರು ನಿಲ್ತಾರೆ?’

ಮೇಲೆ ರಸ್ತೆ ಪಕ್ಕ ಅಂಗಡಿ ಹಾಕಬಹುದಲ್ಲ ಅಂದೆ. ಅಲ್ಲಿ ಜಾಗ ಹಿಡಿಯೋಕೆ ಆಗಲೇ ಪೈಪೋಟಿ ಶುರುವಾಗಿದೆಯಂತೆ. ಸಂಕ್ರಾಂತಿ ಜಾತ್ರೆವರೆಗೆ ಇಲ್ಲೇ ನೋಡುತ್ತೇನೆ, ಆಮೇಲೆ ಗಂಡನ ಹತ್ತಿರ ಮಾತಾಡಿ ಮೇಲಕ್ಕೆ ಹೋಗುತ್ತೇನೆ ಎಂದು ಹೇಳಿ, ಚಿಲ್ಲರೆ ಇಲ್ಲದ್ದಕ್ಕೆ ಇನ್ನೊಂದು ಪೊಟ್ಟಣ ಮಂಡಕ್ಕಿ ಕಟ್ಟಿಕೊಟ್ಟರು.