ಹಿಂದೆ ಉಳಿದವರ ಪಾದ

ಕಾಲೇಜಿನ ಪತ್ರಿಕೆಗೆ ಹಳೆಯ ವಿದ್ಯಾರ್ಥಿಗಳ ನೆನಪು ಬೇಕೆಂದು ಕೇಳಿದಾಗ ತರಗತಿ, ಹಾಸ್ಟೆಲ್ಲು, ಪರೀಕ್ಷೆಗಳಿಗಿಂತ ಮೊದಲು ಕಣ್ಣೆದುರು ಬಂದದ್ದು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆ. ಅದರ ಅಂಚಿನಲ್ಲೊಂದು ಮಣೆ, ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿನ ಬಕೆಟ್ಟು. ಶಿವರಾತ್ರಿಯ ಹಿಂದಿನ ವಾರ ಈಗಿನ ವಿದ್ಯಾರ್ಥಿಗಳೂ ಆ ರಸ್ತೆಗೆ ಹೋಗಬಹುದು. ಅವರಿಗೆ ನಮ್ಮ ಕಥೆಗಿಂತ ಕೆಲಸದ ವಿವರ ಹೆಚ್ಚು ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆದಿದ್ದೇನೆ.

ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತು ಬೆಂಗಳೂರು, ಹಾಸನದ ಕಡೆಯಿಂದ ನಡೆದು ಬರುವವರಲ್ಲಿ ಬಹಳ ಮಂದಿ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಬೆಂಗಳೂರಿನಿಂದ ಹೊರಟವರಿಗೆ ಒಟ್ಟು ಸುಮಾರು 300 ಕಿಲೋಮೀಟರು. ನಮ್ಮ ಮಲೆನಾಡಿಗೆ ಕಾಲಿಡುವ ಹೊತ್ತಿಗೆ ಆರೇಳು ದಿನದ ನಡಿಗೆ ಮೈಮೇಲಿರುತ್ತದೆ. ಎಷ್ಟೋ ಜನ ಬರಿಗಾಲಲ್ಲಿ ಬರುತ್ತಾರೆ. ಹಗಲಿನ ಡಾಂಬರು ಅಂಗಾಲನ್ನು ಸುಟ್ಟಿರುತ್ತದೆ, ಮುಂದೆ ಘಾಟಿಯ ಇಳಿಜಾರು ಕಾದಿರುತ್ತದೆ. ದಾರಿಯಲ್ಲಿ ಊಟ ಕೊಡುವವರಿಗೆ ಕೊರತೆಯಿಲ್ಲ, ಊರೂರಲ್ಲೂ ಶಾಮಿಯಾನ ಏಳುತ್ತದೆ. ಕಾಲು ನೋಡುವವರು ಕಡಿಮೆ.

ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರಕ್ಕೆಂದು ಆ ರಸ್ತೆಯ ಬದಿಗೆ ಹೋದ ನಾವು ಹಿಡಿದದ್ದು ಗುದ್ದಲಿ, ಬಾಂಡ್ಲಿ. ಶಾಲೆಯ ಆವರಣದಲ್ಲಿ ಇಂಗುಗುಂಡಿ ತೋಡುವುದಷ್ಟೇ ಕಾರ್ಯಕ್ರಮ. 1969ರಲ್ಲಿ ಶುರುವಾದ ಆ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆ ಸೇವೆಯ ಲೆಕ್ಕ ಬರೆಯಬೇಕು. ಗುಂಡಿಯ ಉದ್ದ, ಅಗಲ, ಆಳ ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ. ನೀರು ಕೇಳಿಕೊಂಡು ಗೇಟಿನ ಬಳಿ ನಿಂತ ಯಾತ್ರಿಕರ ಪಾದ ತೊಳೆಯುವುದು ಯಾವ ಕಾರ್ಯಕ್ರಮದಲ್ಲೂ ಇರಲಿಲ್ಲ. ಕೇಳದೆ ಬಂದ ಆ ಕೆಲಸವೇ ಮನಸ್ಸಿನ ಕೊಳೆ ತೊಳೆಯಿತೆಂದು ಅಂದಿನವರೆಲ್ಲ ಈಗಲೂ ಒಪ್ಪುತ್ತಾರೆ.

ಮೊದಲು ಜಾಗ. ತಿರುವಿನಲ್ಲಿ ಎಂದೂ ಶಾಮಿಯಾನ ಹಾಕಬೇಡಿ. ದಣಿದವರು ನೆರಳು ಕಂಡೊಡನೆ ಆಚೀಚೆ ನೋಡದೆ ರಸ್ತೆ ದಾಟುತ್ತಾರೆ. ನೇರ ರಸ್ತೆಯಿರಲಿ, ಟಾರಿನಿಂದ ಕನಿಷ್ಠ ಹದಿನೈದು ಹೆಜ್ಜೆ ಒಳಗಿರಲಿ. ಯಾತ್ರಿಕರಿಗೆ ಬೆನ್ನೊರಗುವ ಕುರ್ಚಿ, ಸೇವೆ ಮಾಡುವವರಿಗೆ ಮಣೆ. ಸ್ಟೂಲಿನ ಮೇಲೆ ಕೂತು ಬಗ್ಗಿದರೆ ಅರ್ಧ ದಿನದಲ್ಲಿ ಸೊಂಟ ಹಿಡಿಯುತ್ತದೆ. ಮಣೆಯ ಮೇಲೆ ಕೂತರೆ ಪಾದ ಕಣ್ಣಿಗೆ ಹತ್ತಿರವೂ ಆಗುತ್ತದೆ.

ನೀರಿಗೆ ಇಳಿಸುವ ಮುಂಚೆ ಒಂದು ಪ್ರಶ್ನೆ ಕಡ್ಡಾಯ: "ಶುಗರ್ ಇದೆಯಾ ಅಣ್ಣಾ?" ಹೆಂಗಸರಾದರೆ "ಅಕ್ಕಾ", ಹಿರಿಯರಾದರೆ "ಅಜ್ಜಾ". ಬಹಳ ವರ್ಷದ ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ನೀರು ಸುಡುತ್ತಿದ್ದರೂ ಅವರಿಗೆ ತಿಳಿಯದು, ಮುಳ್ಳು ಹೊಕ್ಕಿದ್ದರೂ ಗೊತ್ತಾಗದು. ಅವರ ಪಾದವನ್ನು ನೆನೆಯಲು ಬಿಡಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆರಳ ಸಂದಿಯನ್ನೂ ಹಿಮ್ಮಡಿಯನ್ನೂ ಬೆಳಕಿನಲ್ಲಿ ನೋಡಿ, ಗಾಯವಿದ್ದರೆ ಆಸ್ಪತ್ರೆಗೆ ಕಳಿಸಬೇಕು. "ಏನೂ ನೋವಿಲ್ಲ" ಎಂದು ಅವರು ಹೇಳಿದರೆ ಅದೇ ಎಚ್ಚರಿಕೆಯ ಗಂಟೆ ಎಂದುಕೊಳ್ಳಿ.

ಉಳಿದವರಿಗೆ ಉಗುರುಬೆಚ್ಚಗಿನ ನೀರು, ಬಕೆಟ್ಟಿಗೆ ಒಂದು ಹಿಡಿ ಕಲ್ಲುಪ್ಪು. ಬಿಸಿ ನೋಡಲು ಅಂಗೈಗಿಂತ ಮೊಣಕೈ ಮೇಲು, ಒಲೆ ಪಾತ್ರೆ ಹಿಡಿದು ಒರಟಾದ ಅಂಗೈ ಸುಳ್ಳು ಹೇಳುತ್ತದೆ. ಐದು ನಿಮಿಷ ಸಾಕು, ಹತ್ತು ದಾಟಬಾರದು. ಹಿತವಾಗಿದೆಯೆಂದು ಯಾತ್ರಿಕರು ಕಾಲು ತೆಗೆಯುವುದೇ ಇಲ್ಲ, ನಮಗೂ ಎಬ್ಬಿಸಲು ಮನಸ್ಸಾಗದು. ಆದರೆ ಹೆಚ್ಚು ನೆನೆದ ಚರ್ಮ ಮೆತ್ತಗಾಗಿ ಮುಂದಿನ ಎರಡು ಮೈಲಿಯಲ್ಲೇ ಹರಿದು ಬರುತ್ತದೆ. ಒಬ್ಬರ ನೀರು ಇನ್ನೊಬ್ಬರಿಗೆ ಬೇಡ. ಬಕೆಟ್ಟು ತೊಳೆದು, ಹೊಸ ನೀರು ತುಂಬಿ. ಬೆರಳ ಸಂದಿ ಪೂರ್ತಿ ಒಣಗುವವರೆಗೆ ಒರೆಸಿ.

ಅಂಗಾಲಿನ ಬೊಬ್ಬೆಯ, ಅಂದರೆ ನೀರುಗುಳ್ಳೆಯ ವಿಷಯದಲ್ಲಿ ಎಲ್ಲರಿಗೂ ಒಂದೊಂದು ಮದ್ದು ಗೊತ್ತು. ಸೂಜಿಯಲ್ಲಿ ದಾರ ಪೋಣಿಸಿ ಗುಳ್ಳೆಯೊಳಗೆ ಹಾಯಿಸಿ ದಾರವನ್ನು ಅಲ್ಲೇ ಬಿಡುವ ಪದ್ಧತಿ ಎಲ್ಲ ಗುಂಪಿನಲ್ಲೂ ಕಾಣುತ್ತದೆ. ನೀರು ಸೋರುವುದು ನಿಜ. ಅದೇ ದಾರ ಹಿಡಿದು ರಸ್ತೆಯ ಧೂಳೂ ಕೊಳೆಯೂ ಒಳಗೆ ಇಳಿಯುತ್ತವೆ. ಸಣ್ಣ ಗುಳ್ಳೆಯನ್ನು ಮುಟ್ಟದೆ ಗಾಜ್ ಇಟ್ಟು ಮುಚ್ಚಿದರೆ ಆಯಿತು. ದೊಡ್ಡದಾಗಿ ಬಿಗಿದು, ಹೆಜ್ಜೆ ಇಡಲಾಗದಿದ್ದರೆ ಮಾತ್ರ ನೀರು ತೆಗೆಯಬೇಕು. ಸಕ್ಕರೆ ಕಾಯಿಲೆಯವರಿಗೆ ಅದೂ ಬೇಡ. ಕೈ ಸೋಪಿನಲ್ಲಿ ತೊಳೆದು ಕೈಗವಸು ಹಾಕಿ, ಗುಳ್ಳೆಯ ಸುತ್ತ ಬೆಟಾಡಿನ್ ಹಚ್ಚಿ, ಪ್ಯಾಕೆಟ್ಟಿನಿಂದ ಆಗತಾನೆ ಒಡೆದ ಇಂಜೆಕ್ಷನ್ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಗಾಜ್ ಇಟ್ಟು ಮೆಲ್ಲಗೆ ಒತ್ತಿ. ಮೇಲಿನ ಚರ್ಮವನ್ನು ಕಿತ್ತು ಹಾಕಬೇಡಿ, ಒಳಗಿನ ಹಸಿ ಚರ್ಮಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಒಬ್ಬರಿಗೆ ಒಂದೇ ಸೂಜಿ. ಬೆಂಕಿಗೆ ಹಿಡಿದು ಮತ್ತೆ ಬಳಸುವ ಉಳಿತಾಯ ಬೇಡವೇ ಬೇಡ. ಬಳಸಿದ್ದು ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹೋಗಲಿ. ಪಟ್ಟಿ ಅಂಟಿಸುವ ಜಾಗಕ್ಕೆ ಎಣ್ಣೆ ತಾಗಿರಬಾರದು, ನೂರು ಹೆಜ್ಜೆಗೇ ಕಳಚುತ್ತದೆ. ವ್ಯಾಸಲೀನನ್ನು ಗಾಯವಿಲ್ಲದ, ಉಜ್ಜುವ ಜಾಗಕ್ಕೆ ಹಚ್ಚಿ. ಕೀವು, ಜ್ವರ, ಮೇಲಕ್ಕೆ ಹತ್ತುವ ಕೆಂಪು ಗೆರೆ ಕಂಡರೆ ಅವರ ನಡಿಗೆ ಅಂದಿಗೆ ಮುಗಿಯಿತು. ಹರಕೆ ತಪ್ಪುತ್ತದೆಂದು ಅಳುವವರಿದ್ದಾರೆ. ವಾದ ಮಾಡಬೇಡಿ, ಗುಂಪಿನ ಹಿರಿಯರನ್ನು ಕರೆದು ಹೇಳಿಸಿ.

ಕಾಲು ಒತ್ತಿ ಕೊಡುವುದು ಒಳ್ಳೆಯದೇ, ಹಿಮ್ಮಡಿಯಿಂದ ಮೊಣಕಾಲಿನ ಕಡೆಗೆ ಮೆಲ್ಲಗೆ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ಕೈ ಹಾಕಬೇಡಿ. ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ, ವೈದ್ಯರೇ ನೋಡಲಿ.

ಮಜ್ಜಿಗೆಯ ಲೆಕ್ಕ ಹೀಗೆ: ಲೋಟಕ್ಕೆ 200 ಮಿಲಿ ಹಿಡಿದರೆ ನೂರು ಜನಕ್ಕೆ 20 ಲೀಟರು. ಗಟ್ಟಿ ಮೊಸರು 4 ಲೀಟರು, ಕುದಿಸಿ ಆರಿಸಿದ ನೀರು 16. ಶುಂಠಿ, ಕರಿಬೇವು, ಚಿಟಿಕೆ ಇಂಗು ಜಜ್ಜಿ, ರಸ ಸೋಸಿ ಹಾಕಿ. ತರಿಯಿದ್ದರೆ ಗಟಗಟನೆ ಕುಡಿಯುವವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಸಿಮೆಣಸು ಮನೆಯ ರುಚಿಗಿಂತ ಕಡಿಮೆ ಇರಲಿ, ಖಾಲಿ ಹೊಟ್ಟೆಗೆ ಖಾರ ಉರಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬಿಡುತ್ತದೆ, ಸ್ಟೀಲೇ ಸರಿ. ಮಧ್ಯಾಹ್ನದ ಬಿಸಿಲಿಗೆ ಪೂರ್ತಿ ಒಮ್ಮೆಗೇ ಕಡೆದಿಟ್ಟರೆ ಎರಡು ಗಂಟೆಯಲ್ಲಿ ಹುಳಿ ತಿರುಗುತ್ತದೆ. ಮೊಸರನ್ನು ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿಟ್ಟು ಐದೈದು ಲೀಟರಿನಂತೆ ಮಾಡಿ. ವ್ರತ ಹಿಡಿದವರಲ್ಲಿ ಉಪ್ಪು ಬಿಟ್ಟವರಿರುತ್ತಾರೆ. ಅವರಿಗಾಗಿ ಉಪ್ಪಿಲ್ಲದ ಒಂದು ಪಾತ್ರೆ ಬೇರೆ ಇಟ್ಟು, ಗುರುತಿಗೆ ಬಾಳೆಲೆ ಮುಚ್ಚಿ.

ಬರೀ ನೀರು ಕುಡಿದೂ ತಲೆ ತಿರುಗುವವರಿಗೆ, ಭೇದಿಯಾದವರಿಗೆ ಓಆರ್‌ಎಸ್ ಕೊಡಿ. ಪ್ಯಾಕೆಟ್ಟು ತೀರಿದರೆ ಒಂದು ಲೀಟರು ಶುದ್ಧ ನೀರಿಗೆ ಟೀ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮನಾಗಿ. ಕೈಯಳತೆ ಇಲ್ಲಿ ನಡೆಯದು. ಉಪ್ಪು ಹೆಚ್ಚಾದರೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುತ್ತದೆ.

ಪೇಪರ್ ಲೋಟ ಬೇಡವೆಂದು ನಮ್ಮಲ್ಲಿ ಜಗಳವೇ ಆಗಿತ್ತು. ಘಾಟಿಯ ಗಾಳಿಗೆ ಹಾರಿದ ಆ ಲೋಟ ಶೋಲಾ ಕಾಡಿನ ಕಣಿವೆಗೆ ಬಿದ್ದರೆ ಹೆಕ್ಕುವವರು ಯಾರು? ಸ್ಟೀಲ್ ಲೋಟ, ತೊಳೆಯಲು ಮೂರು ಟಬ್ಬು: ಸೋಪಿನ ನೀರು, ತಿಳಿನೀರು, ಕುದಿನೀರು.

ಘಾಟಿ ಇಳಿಯುವವರಿಗೆ ಹೇಳಿ ಕಳಿಸಬೇಕಾದ ಮಾತುಗಳಿವೆ. ಬೂಟು ಹಾಕಿದವರು ಕಾಲ್ಬೆರಳಿನ ಉಗುರು ಕತ್ತರಿಸಿ, ಲೇಸನ್ನು ಹರಡಿನ ಹತ್ತಿರ ಬಿಗಿ ಮಾಡಲಿ. ಇಲ್ಲವಾದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ರಾತ್ರಿ ನಡೆಯುವವರು ಎದುರಿನ ವಾಹನ ಕಾಣುವಂತೆ ಬಲಬದಿ ಹಿಡಿಯಲಿ, ಸಾಲಿನ ಮುಂದೊಂದು ಹಿಂದೊಂದು ಟಾರ್ಚ್ ಇರಲಿ. ಆನೆ ಓಡಾಟದ ಸುದ್ದಿಯಿದ್ದರೆ ಅರಣ್ಯ ಇಲಾಖೆಯವರು ಬಿಡುವವರೆಗೆ ಯಾರನ್ನೂ ಕಳಿಸಬೇಡಿ.

ಇಷ್ಟೆಲ್ಲ ಗೊತ್ತಿದ್ದರೂ ಮೊದಲ ಪಾದ ಮುಟ್ಟುವಾಗ ಕೈ ಹಿಂದೆಗೆಯುತ್ತದೆ. ಬಿರಿದ ಹಿಮ್ಮಡಿ, ಕೆಸರು, ರಕ್ತ, ವಾಸನೆ. ಹತ್ತನೆಯ ಪಾದದ ಹೊತ್ತಿಗೆ ಮುಜುಗರ ಹೋಗಿರುತ್ತದೆ. ಮೂವತ್ತರ ಹೊತ್ತಿಗೆ ಮಾತೂ ನಿಂತು ಕೈಯೊಂದೇ ಉಳಿಯುತ್ತದೆ. ದಾಸೋಹ ಎಂಬ ಪದವನ್ನು ಊಟಕ್ಕಷ್ಟೇ ಕಟ್ಟಿಹಾಕಿದ್ದೇವೆ, ಅದರೊಳಗಿನ 'ದಾಸ' ಮಣೆಯ ಮೇಲೆ ಕೂತಾಗ ಅರ್ಥವಾಗುತ್ತಾನೆ. ಹಿರಿಯರು ಕಾಲು ಹಿಂದಕ್ಕೆಳೆದು "ಬೇಡ ಮಗಾ, ನೀನು ಮುಟ್ಟಬಾರದು" ಎನ್ನುತ್ತಾರೆ. ಒತ್ತಾಯ ಮಾಡದೆ ನೀರಿಟ್ಟು ಕಾಯಿರಿ, ಅವರೇ ಇಳಿಸುತ್ತಾರೆ. ಕೆಲವರು ಕೊನೆಗೆ ನಮಗೇ ಕೈಮುಗಿದು "ಮಂಜುನಾಥಾ" ಎಂದು ಎದ್ದು ಹೋಗುತ್ತಾರೆ. ಆ ಹೊತ್ತಿಗೆ ಫೋಟೋ ತೆಗೆಯುವವರನ್ನು ಶಾಮಿಯಾನದೊಳಗೆ ಬಿಡಬೇಡಿ. ಇನ್ನೊಬ್ಬರ ನೋವು ನಮ್ಮ ಪುಣ್ಯದ ಚಿತ್ರವಾಗುವುದು ಸಲ್ಲದು.

ಶಿವರಾತ್ರಿಯ ಹಿಂದಿನ ದಿನ ಸಂಜೆಗೆ ಹೆಚ್ಚಿನ ಶಾಮಿಯಾನಗಳು ಕಳಚುತ್ತವೆ. ದೊಡ್ಡ ಗುಂಪುಗಳು ದಾಟಿಹೋದವು ಎಂಬುದು ಕಾರಣ. ಆದರೆ ಕಾಲು ಕೆಟ್ಟವರು, ವಯಸ್ಸಾದವರು, ಗುಂಪು ತಪ್ಪಿದವರು ಬರುವುದೇ ಆಮೇಲೆ. ಅತಿ ಹೆಚ್ಚು ಗಾಯದ ಪಾದಗಳು ಅತಿ ಕಡಿಮೆ ಕೈಗಳಿರುವ ಹೊತ್ತಿಗೆ ತಲುಪುತ್ತವೆ. ಹಾಗಾಗಿ ಗಾಜ್, ಪಟ್ಟಿ, ಬೆಟಾಡಿನ್‌ನಲ್ಲಿ ಮೂರನೇ ಒಂದು ಭಾಗವನ್ನು ಮೊದಲ ದಿನವೇ ಬೇರೆ ಡಬ್ಬಿಗೆ ಹಾಕಿ ಕಟ್ಟಿಡಿ. ಒಲೆಯ ಕಲ್ಲು ಕಿತ್ತು, ಬೂದಿ ಗುಡಿಸಿ, ಸೂಜಿಯ ಡಬ್ಬಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವವರು ಹೋಗಲಿ. ಇಬ್ಬರು ಮಾತ್ರ ಮಣೆ, ಬಕೆಟ್ಟು, ಕಟ್ಟಿಟ್ಟ ಪಟ್ಟಿಯ ಡಬ್ಬಿ, ಒಂದು ಫ್ಲಾಸ್ಕ್ ಬಿಸಿನೀರು ಇಟ್ಟುಕೊಂಡು ರಾತ್ರಿಯಿಡೀ ಅಲ್ಲೇ ಇರಲಿ.