ಕಾರಿಗೆ ಆಂಪ್ಲಿಫೈಯರ್ ಹಾಕಿಸುವ ಮುನ್ನ ಸ್ವಲ್ಪ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆ ಕಡೆ ಕಾರಿಗೆ ಆಂಪ್ಲಿಫೈಯರ್ ಹಾಕಿಸಲು ಹೋಗುವವರೆಲ್ಲ 'ಎಷ್ಟು ವಾಟ್?' ಅಂತ ಕೇಳುತ್ತಾರೆ. ಎಷ್ಟು ಆಂಪಿಯರ್ ಕರೆಂಟ್ ಎಳೆಯುತ್ತದೆ ಅಂತಲೂ ಕೇಳಬೇಕಲ್ವಾ?

ವಾಟನ್ನು ವೋಲ್ಟಿನಿಂದ ಭಾಗಿಸಿ, ಅಷ್ಟೇ. ಮನೆಯ 230 ವೋಲ್ಟಿನಲ್ಲಿ 240 ವಾಟಿಗೆ ಒಂದು ಆಂಪಿಯರ್ ಚಿಲ್ಲರೆ ಸಾಕು, ಆದರೆ ಕಾರಿನ 12 ವೋಲ್ಟಿನಲ್ಲಿ ಅದೇ 240 ವಾಟಿಗೆ 20 ಆಂಪಿಯರ್ ಬೇಕು. ಹಾಗಾಗಿ ದಪ್ಪ ತಾಮ್ರದ ವೈರೇ ಆಗಬೇಕು. ದಾರಿಯಲ್ಲಿ ಬರೀ 0.1 ಓಮ್ ರೆಸಿಸ್ಟೆನ್ಸ್ ಇದ್ದರೂ 20 ಆಂಪಿಯರಿಗೆ 2 ವೋಲ್ಟ್ ಸುಮ್ನೆ ಹೋಯಿತು, ಮೇಲೆ 40 ವಾಟ್ ಬಿಸಿ.

ಫ್ಯೂಸ್ ಇರುವುದು ವೈರ್ ಉಳಿಸಲು. ಅದನ್ನು ಬ್ಯಾಟರಿಯ ಪ್ಲಸ್ ಹತ್ತಿರವೇ ಹಾಕಿಸಿ. ಡಿಕ್ಕಿಯಲ್ಲಿ ಹಾಕಿದರೆ, ನಡುವೆ ವೈರ್ ಸವೆದು ಕಾರಿನ ಲೋಹದ ಮೈಗೆ ತಾಗಿದಾಗ ಆ ಫ್ಯೂಸ್ ಏನೂ ಮಾಡುವುದಿಲ್ಲ, ವೈರೇ ಹೊತ್ತಿಕೊಳ್ಳುತ್ತದೆ. 'ಪದೇ ಪದೇ ಹೋಗುತ್ತೆ, ಜಾಸ್ತಿ ಆಂಪಿಯರಿಂದು ಹಾಕಿ' ಅನ್ನುವವರ ಮಾತು ಮಾತ್ರ ಕೇಳಬೇಡಿ.

ಅರ್ಥಿಂಗಿಗೆ, ಅಂದರೆ ಮೈನಸ್ ವೈರನ್ನು ಕಾರಿನ ಮೈಗೆ ಸೇರಿಸಲು, ಪೇಂಟ್ ಕೆರೆದು, ಲೋಹಕ್ಕೇ ಬೋಲ್ಟ್ ಬಿಗಿಯಬೇಕು. ಎಂಜಿನ್ ಆಫ್ ಆಗಿದ್ದಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು. ಹಾಡು ಜೋರಾಗಿರುವಾಗ ಆಂಪ್ಲಿಫೈಯರಿನ ಟರ್ಮಿನಲ್ಲಿಗೇ ಮಲ್ಟಿಮೀಟರ್ ಹಿಡಿಯಿರಿ. ಅಲ್ಲಿ ಬ್ಯಾಟರಿಗಿಂತ ಒಂದು ವೋಲ್ಟ್ ಕಮ್ಮಿ ಇದ್ದರೆ ಮೊದಲು ವೈರ್, ಅರ್ಥಿಂಗ್ ನೋಡಿಸಿ.